ಲಾಡಿಯ ಊಟದ ಅಳತೆ

ಟೈಲರಮ್ಮನ ಕಣ್ಣಳತೆಗೆ ಆ ಬೀದಿಯಲ್ಲಿ ಎದುರಿರಲಿಲ್ಲ. ಬಾಗಿಲಲ್ಲಿ ನಿಂತವರ ಭುಜ, ಸೊಂಟ ನೋಡಿಯೇ ಅಂಕಿ ಹೇಳಿಬಿಡುತ್ತಿದ್ದಳು. ಆಮೇಲೆ ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ. ಮೂವತ್ತು ವರ್ಷ ಪಳಗಿದ ಕೈ. ಹಾಗಾಗಿ ಮಗಳು ಇಪ್ಪತ್ತನಾಲ್ಕು ದಿನದ ತರಬೇತಿಗೆಂದು ಬೇರೆ ಊರಿಗೆ ಹೊರಟು, ಹಾವಿಗೆ ಊಟ ಹಾಕುವ ಕೆಲಸವನ್ನು ಅಪ್ಪನಿಗೂ ಕೊಡದೆ ಅಜ್ಜಿಗೂ ಕೊಡದೆ ತನಗೇ ಒಪ್ಪಿಸಿದಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೊರಗೆ ಮಾತ್ರ ಮೂಗು ಮುರಿದಳು.

"ಇಲಿ ಹಿಡ್ಕೊಂಡು ಕೂರೋ ವಯಸ್ಸಾ ನಂದು?"

"ಸತ್ತಿರೋ ಇಲಿ ಅಮ್ಮ. ಫ್ರೀಜರಲ್ಲಿದೆ. ನೀನೇನು ಬೇಟೆಗೆ ಹೋಗ್ಬೇಕಾಗಿಲ್ಲ."

ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸಕ್ಕಿದ್ದಳು. ಎಂಟು ತಿಂಗಳ ಹಿಂದೆ ಯಾರೋ ಆ ಆಸ್ಪತ್ರೆಯ ಬಾಗಿಲಲ್ಲಿ ಒಂದು ಚಪ್ಪಲಿ ಡಬ್ಬ ಇಟ್ಟು ಹೋಗಿದ್ದರು. ಒಳಗೆ ಪೆನ್ಸಿಲಿನಷ್ಟು ದಪ್ಪದ ಕಿತ್ತಳೆ ಬಣ್ಣದ ಹಾವು. ವಿಷವಿಲ್ಲದ್ದು, ಮನೆಯಲ್ಲಿ ಸಾಕುವ ಜಾತಿಯದ್ದು. ಯಾರೂ ಕೇಳಿಕೊಂಡು ಬಾರದಿದ್ದಾಗ ಡಾಕ್ಟರು ಕಾಗದಪತ್ರ ಮಾಡಿಸಿ ಇವಳ ಕೈಗೇ ಕೊಟ್ಟರು. ಮನೆಯಲ್ಲಿ ಮೂರು ದಿನ ರಂಪವಾಯಿತು. ಬಸ್ ಓಡಿಸುವ ಅಪ್ಪ "ಅದು ಈ ಮನೇಲಿದ್ರೆ ನಾನು ಡಿಪೋದಲ್ಲೇ ಮಲಗ್ತೀನಿ" ಎಂದು ಹಾರಾಡಿದವನು, ನಾಲ್ಕನೇ ದಿನ ತಾನೇ ಗಾಜಿನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಇದೇನೇ, ಲಂಗದ ಲಾಡಿ ಬಿದ್ದಂಗಿದೆ" ಅಂದಳು. ಅಂದಿನಿಂದ ಅದು ಲಾಡಿ.

ಟೈಲರಮ್ಮನ ಹೆಮ್ಮೆಗೆ ಇನ್ನೊಂದು ಕಾರಣವಿತ್ತು. ಅದನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ. ಹದಿನಾರು ತುಂಬಿದಾಗಿನಿಂದ ಮಗಳು ಅಂಗಡಿಯ ರೆಡಿಮೇಡ್ ಬಟ್ಟೆಯನ್ನೇ ಹಾಕುತ್ತಿದ್ದಳು. ತೋಳು ಉದ್ದವಾದರೂ ಸರಿ, ಕುತ್ತಿಗೆ ಜೋತುಬಿದ್ದರೂ ಸರಿ, ಅಮ್ಮನ ಟೇಪನ್ನು ಮೈಗೆ ತಾಗಿಸಿಕೊಳ್ಳುತ್ತಿರಲಿಲ್ಲ. ಬೀದಿಯವರು ಕೇಳಿದರೆ, ಈಗಿನ ಹುಡುಗಿಯರ ಇಷ್ಟವೇ ಹಾಗೆ ಎಂದು ಟೈಲರಮ್ಮ ನಗೆಯಲ್ಲಿ ತೇಲಿಸಿಬಿಡುತ್ತಿದ್ದಳು. ಎಂಟು ವರ್ಷಗಳ ಮೇಲೆ ಮಗಳು ನಂಬಿ ತನ್ನ ಕೈಗೆ ಕೊಟ್ಟದ್ದು ಈ ಹಾವೊಂದನ್ನೇ. ಇದನ್ನಾದರೂ ಕೆಡಿಸಬಾರದು ಎಂದು ಅವಳು ಗಟ್ಟಿಮಾಡಿಕೊಂಡಿದ್ದಳು.

ಹೊರಡುವ ದಿನ ಶನಿವಾರ, ಬೆಳಗಿನ ತಿಂಡಿಗೆ ಬ್ರೆಡ್ಡು, ಮೊಟ್ಟೆ. ಟೈಲರಮ್ಮ ಗಂಡನ ತಟ್ಟೆಗೆ ಮೂರು ಬ್ರೆಡ್ಡು ಹಾಕಿದಳು, ಅತ್ತೆಯ ತಟ್ಟೆಗೆ ಎರಡು. ಮಗಳ ಹತ್ತಿರ ಬಂದಾಗ ಒಂದು ಹಾಕಿ ಕೈ ತಾನಾಗಿ ನಿಂತಿತು.

"ಇನ್ನೊಂದು ಬೇಕಾ?"

"ಬೇಡ."

"ಹಾಕೇ, ದೂರ ಹೋಗೋ ಹುಡುಗಿ," ಅಂದಳು ಅಜ್ಜಿ. "ಕೇಳೋದೇನು ಅದರಲ್ಲಿ?"

ಆ ಮನೆಯಲ್ಲಿ ಬೇಕಾ ಎಂದು ಕೇಳಿಸಿಕೊಳ್ಳುತ್ತಿದ್ದವಳು ಮಗಳೊಬ್ಬಳೇ. ಉಳಿದವರಿಗೆ ಕೇಳದೆಯೇ ಬೀಳುತ್ತಿತ್ತು. ಮಗಳು ಕೈ ತೊಳೆದು ಬಂದು, ಗಾಜಿನ ಪೆಟ್ಟಿಗೆಯ ಮುಂದೆ ಅಮ್ಮನನ್ನು ನಿಲ್ಲಿಸಿಕೊಂಡಳು.

"ಎರಡೇ ವಿಷಯ ಅಮ್ಮ. ಎಷ್ಟು ದೊಡ್ಡದು, ಎಷ್ಟು ದಿನಕ್ಕೆ. ಲಾಡಿ ಮೈಯಲ್ಲಿ ಎಲ್ಲಿ ಅತಿ ದಪ್ಪ ಇದೆಯೋ, ಅಷ್ಟೇ ದಪ್ಪದ ಇಲಿ. ಹತ್ತು ದಿನಕ್ಕೊಂದು. ನಾಳೆ ಒಂದು ಕೊಡು, ಆಮೇಲೆ ಹತ್ತು ದಿನ ಬಿಟ್ಟು ಒಂದು. ಅಷ್ಟೇ."

"ಹತ್ತು ದಿನ ಉಪವಾಸನಾ?"

"ಉಪವಾಸ ಅಲ್ಲಮ್ಮ, ಅರಗೋಕೆ ಅಷ್ಟು ದಿನ ಬೇಕು. ಕೆಳಗಿರೋ ಬಿಸಿ ಹಾಸಿನ ಪ್ಲಗ್ ಮಾತ್ರ ತೆಗೀಬೇಡಿ, ಬಿಸಿ ಇಲ್ದಿದ್ರೆ ತಿಂದಿದ್ದು ಅರಗಲ್ಲ. ತಿಂದ ಮೇಲೆ ಎರಡು ದಿನ ಎತ್ಕೋಬೇಡ. ಡಬ್ಬದಲ್ಲಿ ಮೂರು ಸೈಜ್ ಇಲಿ ಕಲೆತುಹೋಗಿವೆ, ನೀನು ನೋಡಿ ಆರಿಸು. ಇದೆಲ್ಲ ಈ ಪುಸ್ತಕದಲ್ಲಿ ಬರೆದಿದೀನಿ, ಕೊಟ್ಟ ದಿನ, ಸೈಜ್ ನೀನೂ ಅದರಲ್ಲೇ ಬರೆದಿಡು."

ಭಾನುವಾರ ಟೈಲರಮ್ಮ ಫ್ರೀಜರಿನಲ್ಲಿದ್ದ ಬಿಸ್ಕತ್ತಿನ ಡಬ್ಬ ತೆರೆದಳು. ಕೂದಲು ಮೂಡದ ಮರಿಗಳು, ನಡುಗಾತ್ರದವು, ಬೆಳೆದ ದೊಡ್ಡವು. ಹಳೆಯ ಮಗ್ಗಿನ ಉಗುರುಬೆಚ್ಚಗಿನ ನೀರಿನಲ್ಲಿ ಎರಡನ್ನು ಕರಗಲು ಬಿಟ್ಟು, ಪೆಟ್ಟಿಗೆಯೊಳಗೆ ಕೈಹಾಕಿ ಲಾಡಿಯ ನಡುಮೈಗೆ ಟೇಪು ಸುತ್ತಿದಳು. ಹೆದರಿಕೆಯೇನೋ ಇತ್ತು. ಟೇಪು ಕೈಗೆ ಬಂದ ಕೂಡಲೇ ಹೋಯಿತು. ಅತ್ತೆ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕುಳಿತಿದ್ದಳು.

"ಎಷ್ಟಿದೆ?"

"ಎರಡೂವರೆ ಇಂಚು ಸುತ್ತಳತೆ. ನಡುವಿನ ಇಲೀನೂ ಎರಡೂವರೆ. ದೊಡ್ಡದು ಮೂರೂವರೆ."

"ಮತ್ತಿನ್ನೇನು, ನಡುವಿಂದು ಸರಿ ಹೋಯ್ತಲ್ಲ."

"ಬೆಳೆಯೋ ಜೀವ ಅತ್ತೆ. ಇದ್ದಷ್ಟಕ್ಕೇ ಸರಿಯಾಗಿ ಹೊಲಿದ್ರೆ ಮುಂದಿನ ತಿಂಗಳು ಹರಿಯತ್ತೆ."

"ಏನು ಹರಿಯತ್ತೆ? ಹಾವಾ?"

"ಮಾತಿಗೆ ಹೇಳ್ದೆ."

ಮಾತಿಗಲ್ಲ, ನಿಜಕ್ಕೂ ಅವಳ ಕೈ ಹಾಗೇ ಪಳಗಿತ್ತು. ಮಕ್ಕಳ ಬಟ್ಟೆಯನ್ನು ಅವಳು ಎಂದೂ ಇದ್ದ ಅಳತೆಗೆ ಕತ್ತರಿಸಿದವಳಲ್ಲ. ಒಂದಿಂಚು ಸಡಿಲ, ಒಳಗೆ ಇನ್ನೊಂದಿಂಚು ಮಡಿಕೆ. ಮಗು ಬೆಳೆದ ಹಾಗೆ ಬಿಚ್ಚಿಕೊಡಬಹುದು. ಬೀದಿಯ ತಾಯಂದಿರು ಇವಳನ್ನೇ ಹುಡುಕಿಕೊಂಡು ಬರುತ್ತಿದ್ದುದು ಆ ಒಂದಿಂಚಿಗಾಗಿ. ಅವಳು ನಡುವಿನ ಇಲಿಯನ್ನು ಪಕ್ಕಕ್ಕಿಟ್ಟು ಮೂರೂವರೆ ಇಂಚಿನದನ್ನು ಒರೆಸಿ ಚಿಮುಟದಲ್ಲಿ ಹಿಡಿದಳು.

ಅತ್ತೆ ಅದನ್ನು ನೋಡಿದಳು. "ಲಾಡಿಗೆ ಬೆಳೆಯೋ ಲೆಕ್ಕ. ನನ್ನ ಮೊಮ್ಮಗಳಿಗೆ ಮಾತ್ರ ಇಳಿಯೋ ಲೆಕ್ಕ."

"ಹಳೇದೆಲ್ಲ ಯಾಕತ್ತೆ ಈಗ?"

"ಹಳೇದಲ್ಲಮ್ಮ. ನಿನ್ನೆ ಬೆಳಿಗ್ಗೆದು."

ಲಾಡಿ ಒಂದೇ ನೆಗೆತಕ್ಕೆ ಇಲಿಯನ್ನು ಹಿಡಿದು ಸುತ್ತಿಕೊಂಡಿತು. ದವಡೆ ಅಗಲಿಸಿ, ನಿಂತು, ಮತ್ತೆ ಅಗಲಿಸಿ, ಅರ್ಧ ಗಂಟೆ ಹೆಣಗಿ ನುಂಗಿತು. ಟೈಲರಮ್ಮ ಹೊಲಿಗೆ ಮರೆತು ನೋಡುತ್ತ ಕುಳಿತಳು. ಒಂದು ಜೀವ ತನ್ನ ಕೈಯಿಂದ ಇಷ್ಟು ಆಸೆಯಿಂದ ತಿಂದದ್ದು ಕಂಡು ಅವಳ ಹೊಟ್ಟೆ ತಣ್ಣಗಾಯಿತು. ಲಾಡಿಯ ನಡುವೆ ಒಂದು ಉಬ್ಬು ನಿಂತಿತು. ಸಂಜೆ ಮಗಳ ಫೋನು ಬಂತು.

"ತಿಂತಾ ಅಮ್ಮ?"

"ಗಪಗಪ ತಿಂತು."

"ಯಾವ ಸೈಜ್ ಕೊಟ್ಟೆ?"

"ನೀನು ಹೇಳಿದ್ದೇ." ಫೋನು ಇಟ್ಟ ಮೇಲೆ ಪುಸ್ತಕದಲ್ಲಿ ತಾರೀಖು ಬರೆದು ಪಕ್ಕದಲ್ಲಿ ಮಧ್ಯಮ ಎಂದು ಬರೆದಳು. ಒಂದಿಂಚಿನ ಸುಳ್ಳು, ಯಾರಿಗೇನು ನಷ್ಟ ಎಂದುಕೊಂಡಳು.

ಗುರುವಾರದ ಹೊತ್ತಿಗೆ ಉಬ್ಬು ಕರಗಿತ್ತು. ಲಾಡಿ ಪೆಟ್ಟಿಗೆಯ ಉದ್ದಕ್ಕೂ ಹರಿದಾಡಿ, ಮೂತಿಯನ್ನು ಗಾಜಿಗೆ ಒತ್ತಿ, ಮೂಲೆಯಿಂದ ಮೂಲೆಗೆ ಹೋಗುತ್ತಿತ್ತು. ಟೈಲರಮ್ಮ ಬಟನ್ ಹೊಲಿಯುವ ಕೆಲಸವನ್ನು ಮಗಳ ಕೋಣೆಗೇ ತಂದುಕೊಂಡಿದ್ದಳು. ನಾಲ್ಕು ಬಟನ್ನಿಗೊಮ್ಮೆ ತಲೆಯೆತ್ತಿ ನೋಡುವಳು.

"ಏನೋ ಹುಡುಕ್ತಿದೆ ಅತ್ತೆ."

"ಹಾವು ಓಡಾಡಬಾರದಾ? ನಾನೂ ಊಟ ಆದ ಮೇಲೆ ಅಂಗಳದಲ್ಲಿ ಓಡಾಡ್ತೀನಿ."

"ಹಸಿವಾಗಿದೆ. ಬಾಯಿಲ್ಲದ ಜೀವ, ಕೇಳೋಕೆ ಬರಲ್ಲ ಅದಕ್ಕೆ."

"ಇನ್ನೂ ಆರು ದಿನ ಇದೆ ಅಂತ ಹುಡುಗಿ ಹೇಳಿದ್ದಳಲ್ಲೇ."

ಟೈಲರಮ್ಮ ಸೂಜಿಗೆ ದಾರ ಪೋಣಿಸಿದಳು. ಅತ್ತೆ ಮಧ್ಯಾಹ್ನ ಒರಗಿದ ಮೇಲೆ ಇನ್ನೊಂದು ದೊಡ್ಡ ಇಲಿಯನ್ನು ಕರಗಿಸಿ ಕೊಟ್ಟಳು. ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ.

ಶನಿವಾರ ಬೆಳಿಗ್ಗೆ ಮಗಳ ಕೋಣೆಯ ಬಾಗಿಲು ತೆರೆದರೆ ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು. ಲಾಡಿ ಒಂದು ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ನಡುವೆ ಅರ್ಧ ಕರಗಿದ, ಬೋಳಾದ ಇಲಿ ಹೊರಗೆ ಬಂದು ಬಿದ್ದಿತ್ತು. ಟೈಲರಮ್ಮ ಅದನ್ನು ತುಂಡು ಬಟ್ಟೆಯಲ್ಲಿ ಸುತ್ತಿ ಹೊರಗೆ ಎಸೆದು, ಪೆಟ್ಟಿಗೆ ತೊಳೆದು, ಕಿಟಕಿ ತೆರೆದಳು. ಅಷ್ಟರಲ್ಲಿ ಗಂಡ ಮೂಗಿಗೆ ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನಿದು ವಾಸನೆ? ಸತ್ತುಹೋಯ್ತಾ?"

"ಕಕ್ಕಿದೆ."

"ಹಾವು ಕಕ್ಕತ್ತಾ?"

"ಬಿಸಿ ಇಲ್ದಿದ್ರೆ ಕಕ್ಕತ್ತೆ," ಅಂದಳು ಟೈಲರಮ್ಮ. ಬಾಯಿಂದ ಅದು ಹೇಗೆ ಬಂತೋ ಅವಳಿಗೇ ತಿಳಿಯದು. "ನಿನ್ನೆ ಫೋನ್ ಚಾರ್ಜಿಗೆ ಹಾಕೋಕೆ ನೀವು ಇಲ್ಲಿಗೆ ಬಂದಿದ್ರಲ್ಲ. ಪ್ಲಗ್ ತೆಗೆದ್ರಾ?"

"ನಾನಾ? ಇಲ್ಲ ಕಣೆ. ಪಕ್ಕದ್ದಕ್ಕೆ ಹಾಕಿದ್ದೆ."

"ನೆನಪು ಮಾಡ್ಕೊಳ್ಳಿ."

ಇಪ್ಪತ್ತೆರಡು ವರ್ಷ ಬಸ್ ಓಡಿಸಿ ಒಂದು ಸೈಕಲ್ಲಿಗೂ ತಾಗಿಸದ ಮನುಷ್ಯ. ಮನೆಯೊಳಗೆ ಮಾತ್ರ ಯಾರು ಏನು ಆರೋಪ ಹೊರಿಸಿದರೂ ಇದ್ದರೂ ಇರಬಹುದು ಅನ್ನುವ ಸ್ವಭಾವ. ತಲೆ ಕೆರೆದುಕೊಂಡ. "ತೆಗೆದಿರಲೂಬಹುದು. ನಂಗೆ ಸರಿಯಾಗಿ ನೆನಪಿಲ್ಲ."

ಸಂಜೆಯ ಫೋನಿನಲ್ಲಿ ಟೈಲರಮ್ಮ ಅದನ್ನೇ ಹೇಳಿದಳು. ಮಗಳ ದನಿ ಏರಿತು. ಅಪ್ಪನಿಗೆ ಕೊಡು ಎಂದಳು. ಅಪ್ಪ ಫೋನು ಕಿವಿಗಿಟ್ಟುಕೊಂಡು, ಹೂಂ, ತಪ್ಪಾಯ್ತಮ್ಮ, ಇನ್ನು ಆ ಕಡೆಗೇ ಹೋಗಲ್ಲ, ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದ. ಫೋನು ಮತ್ತೆ ಟೈಲರಮ್ಮನ ಕೈಗೆ ಬಂತು.

"ಅಮ್ಮ, ಚೆನ್ನಾಗಿ ಕೇಳಿಸ್ಕೋ. ಇನ್ನು ಹದಿನಾಲ್ಕು ದಿನ ಏನೂ ಕೊಡ್ಬೇಡ. ನೀರು ಮಾತ್ರ. ಅದರ ಗಂಟಲು, ಹೊಟ್ಟೆ ಎಲ್ಲ ಸುಟ್ಟ ಹಾಗಾಗಿರತ್ತೆ. ಮತ್ತೆ ತಿಂದ್ರೆ ಮತ್ತೆ ಕಕ್ಕತ್ತೆ, ಆಮೇಲೆ ಉಳಿಯಲ್ಲ."

"ಹೂಂ."

"ನೀನಿದೀಯ ಅಂತ ಧೈರ್ಯ ನಂಗೆ. ಪರೀಕ್ಷೆ ಇದೆ, ಬರೋಕಾಗಲ್ಲ."

ಗಂಡ ಅಂದೇ ಪ್ಲಗ್ಗಿನ ಸುತ್ತ ಕಪ್ಪು ಟೇಪು ಸುತ್ತಿ, ಮೇಲೆ ಕಾಗದ ಅಂಟಿಸಿ, ಮುಟ್ಟಬಾರದು ಎಂದು ಬರೆದ. ತನಗೆ ತಾನೇ ಬರೆದುಕೊಂಡ ಎಚ್ಚರಿಕೆ ಅದು. ಟೈಲರಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು. ಈಗ ಹೇಳಿಬಿಡಬೇಕು ಅನಿಸಿತು, ಹೇಳಲಿಲ್ಲ. ರಾತ್ರಿ ಊಟಕ್ಕೆ ಅವನ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವಳಿಗೆ ಮಷೀನಿನ ಮುಂದೆ ಕುಳಿತರೆ ಕೆಲಸ ಸಾಗುತ್ತಿರಲಿಲ್ಲ. ಶಾಲೆಗಳು ತೆರೆಯುವ ಕಾಲ, ಯೂನಿಫಾರಂ ರಾಶಿ ಬಿದ್ದಿತ್ತು. ಒಂದೊಂದು ನೀಲಿ ಅಂಗಿ ಕೈಗೆತ್ತಿಕೊಂಡಾಗಲೂ ಅವಳಿಗೆ ತನ್ನ ಮಗಳ ಹದಿಮೂರನೇ ವರ್ಷದ ಅಂಗಿ ನೆನಪಿಗೆ ಬರುತ್ತಿತ್ತು.

ಮಗಳು ಹುಟ್ಟಿನಿಂದ ದುಂಡಗಿದ್ದವಳು. ಆ ವರ್ಷ ಒಬ್ಬ ಗಿರಾಕಿ ಈ ಕೋಣೆಯಲ್ಲೇ ನಿಂತು, "ನಿನ್ನ ಮಗಳಿಗೆ ಹೊಲಿಯೋ ಬಟ್ಟೇಲಿ ನನ್ನ ಮಕ್ಕಳಿಬ್ಬರಿಗೂ ಆಗತ್ತೆ ಬಿಡು" ಎಂದು ನಕ್ಕಿದ್ದಳು. ಟೈಲರಮ್ಮನೂ ನಕ್ಕಿದ್ದಳು. ಮಗಳು ಬಾಗಿಲ ಹಿಂದೆ ಇದ್ದಳು. ಆ ವರ್ಷದಿಂದ ಮಗಳ ತಟ್ಟೆಗೆ ಅರ್ಧ ಬಿತ್ತು, ಅಂಗಿ ಒಂದಿಂಚು ಬಿಗಿಯಾಯಿತು. ಬಿಗಿ ಇದ್ದರೆ ಹೊಟ್ಟೆ ತಾನೇ ಎಚ್ಚರದಲ್ಲಿರುತ್ತದೆ, ಹುಡುಗಿಯ ಒಳ್ಳೆಯದಕ್ಕೇ ಎಂದು ಅವಳು ನಂಬಿದ್ದಳು. ಒಂದು ವಾರದಲ್ಲೇ, ಇಸ್ತ್ರಿ ಮಾಡುವಾಗ, ಪಕ್ಕದ ಹೊಲಿಗೆಯಲ್ಲಿ ಕೈ ಹೊಲಿಗೆ ಕಂಡಿತು. ಸೊಟ್ಟಪಟ್ಟ, ದಾರ ಎರಡು ಬಣ್ಣ. ಮಗಳು ಕದ್ದು ಬಿಚ್ಚಿ, ಅರ್ಧ ಇಂಚು ಸಡಿಲ ಮಾಡಿ ತಾನೇ ಹೊಲಿದುಕೊಂಡಿದ್ದಳು.

ಟೈಲರಮ್ಮ ಬೈಯಲಿಲ್ಲ. ಸಿಕ್ಕಿಬಿದ್ದೆ ಎಂದು ಗೊತ್ತಾದರೆ ಮಗುವಿಗೆ ನಾಚಿಕೆಯಾಗುತ್ತದೆ ಎಂದು ಆ ಕೈ ಹೊಲಿಗೆಯನ್ನು ಮುಟ್ಟಲೂ ಇಲ್ಲ. ಬೆನ್ನಿನ ನಡುಹೊಲಿಗೆಯಲ್ಲಿ ಅರ್ಧ ಇಂಚು ಒಳಗೆ ಹಿಡಿದು ಮಷೀನು ಓಡಿಸಿದಳು. ಮತ್ತೊಂದು ತಿಂಗಳಿಗೆ ಮಗಳು ಇನ್ನಷ್ಟು ಬಿಚ್ಚಿದಳು; ಅಮ್ಮ ಇನ್ನಷ್ಟು ಹಿಡಿದಳು. ವರ್ಷವಿಡೀ ಹಾಗೇ ನಡೆಯಿತು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅದನ್ನು ಆಗ ಅವಳು ಮೃದುತ್ವ ಎಂದುಕೊಂಡಿದ್ದಳು. ಈಗ, ಲಾಡಿಯ ಸುದ್ದಿಯಲ್ಲೂ ಮಗಳಿಗೆ ನೋವಾಗದಿರಲಿ ಎಂದು ಸುಳ್ಳು ಹೇಳಿ ಕುಳಿತಾಗ, ಅದು ಮೃದುತ್ವವೇ ಅಲ್ಲ ಎಂದು ಅವಳಿಗೆ ಅರ್ಥವಾಗತೊಡಗಿತು.

ಅರ್ಥವಾಯಿತು ಅಂದಮಾತ್ರಕ್ಕೆ ಕೈ ಸುಮ್ಮನಿರಬೇಕಲ್ಲ. ಆರು ದಿನಕ್ಕೆ ಲಾಡಿಯ ಬೆನ್ನಿನ ಏಣು ಎದ್ದು ಕಂಡಿತು. ಚರ್ಮ ಪಕ್ಕದಲ್ಲಿ ನೆರಿಗೆ ಬಿದ್ದು, ಸಡಿಲ ಹೊಲಿದ ತೋಳಿನ ಹಾಗೆ ಜೋಲುತ್ತಿತ್ತು. ಮಗಳು ಬಂದು ಇದನ್ನು ನೋಡಿದರೆ ಏನೆಂದಾಳು? ಶುಕ್ರವಾರ ಟೈಲರಮ್ಮ ಡಬ್ಬದಿಂದ ಬೆರಳ ತುದಿಯಷ್ಟು ಪುಟ್ಟ ಮರಿ ಇಲಿಯನ್ನು ತೆಗೆದಳು. ಇದು ಊಟವೇ ಅಲ್ಲ, ಬರೀ ಬಾಯಿ ಚಪಲಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಲಾಡಿ ನಿಧಾನಕ್ಕೆ ತಿಂದಿತು. ಭಾನುವಾರ ಅದೂ ಹೊರಗೆ ಬಿತ್ತು, ಜೊತೆಗೆ ಲೋಳೆ, ಒಂದು ಎಳೆ ರಕ್ತ. ಈ ಸಲ ಲಾಡಿ ಸುತ್ತಿಕೊಳ್ಳಲೂ ಇಲ್ಲ. ಕತ್ತರಿಸಿ ಬಿಟ್ಟ ಪಟ್ಟಿಯಂತೆ ನೆಟ್ಟಗೆ ಬಿದ್ದುಕೊಂಡಿತ್ತು.

ಅತ್ತೆ ಹಿಂದೆ ಬಂದು ನಿಂತಿದ್ದಳು. "ಪ್ಲಗ್ ಈಗ ಯಾರು ತೆಗೆದ್ರು?"

ಟೈಲರಮ್ಮ ನೆಲಕ್ಕೆ ಕುಸಿದು ಕುಳಿತು ಅತ್ತುಬಿಟ್ಟಳು.

"ನಂಗೆ ಮೊದಲನೇ ಸಲವೇ ಗೊತ್ತಿತ್ತು ಕಣೆ," ಅಂದಳು ಅತ್ತೆ. "ಡಬ್ಬದಲ್ಲಿರೋ ಇಲಿ ಎಣಿಸೋಕೆ ಬರತ್ತೆ ನಂಗೆ. ನೀನೇ ಹೇಳ್ತೀಯ ಅಂತ ಕಾದೆ. ಕಾಯಬಾರದಿತ್ತು. ಆ ಕಾಲದಲ್ಲೂ ನಾನು ಹಿಂಗೇ ಕಾದೆ, ಹುಡುಗಿಗೆ ಕದ್ದು ಬ್ರೆಡ್ಡು ಕೊಟ್ಕೊಂಡು. ನಿನ್ನ ಎದುರಿಗೆ ಬಾಯಿ ಬಿಡಲಿಲ್ಲ."

ಸೋಮವಾರ ಟೈಲರಮ್ಮ ಲಾಡಿಯನ್ನು ದಿಂಬಿನ ಕವರಿನಲ್ಲಿಟ್ಟು, ಬಾಯಿ ಕಟ್ಟಿ, ಮಗಳು ಕೆಲಸ ಮಾಡುವ ಆಸ್ಪತ್ರೆಗೇ ಹೋದಳು. ನಾಯಿ ಹಿಡಿದುಕೊಂಡವರ ನಡುವೆ ಕವರನ್ನು ಎದೆಗೊತ್ತಿಕೊಂಡು ಕುಳಿತಳು. ಡಾಕ್ಟರಮ್ಮ ತಕ್ಕಡಿಯಲ್ಲಿಟ್ಟು ನೋಡಿದಳು. ನೂರ ಎಂಬತ್ತು ಗ್ರಾಂ ಇದ್ದದ್ದು ನೂರ ನಲವತ್ತಕ್ಕೆ ಇಳಿದಿತ್ತು.

"ಯಾವ ಸೈಜ್ ಕೊಟ್ರಿ?"

"ದೊಡ್ಡದು."

"ಎಷ್ಟು ದಿನಕ್ಕೆ?"

"ನಾಲ್ಕು. ಆಮೇಲೆ ಕಕ್ಕಿದ ಮೇಲೂ ಕೊಟ್ಟೆ. ಆರು ದಿನಕ್ಕೆ."

"ನಿಮ್ಮ ಮಗಳು ಬರೆದು ಕೊಟ್ಟಿರ್ಲಿಲ್ವಾ?"

"ಬರೆದು ಕೊಟ್ಟಿದ್ದಳು. ಬಾಯಲ್ಲೂ ಹೇಳಿದ್ದಳು."

ಡಾಕ್ಟರಮ್ಮ ಬೈಯಲಿಲ್ಲ, ಅದು ಟೈಲರಮ್ಮನಿಗೆ ಇನ್ನೂ ಕಷ್ಟವಾಯಿತು. "ನೋಡಿ, ಹಾವು ಹಸಿದು ಸಾಯೋಕೆ ತಿಂಗಳುಗಟ್ಟಲೆ ಬೇಕು. ಹೊಟ್ಟೆ ಮೀರಿ ತಿಂದು ಸಾಯೋಕೆ ಮೂರು ಊಟ ಸಾಕು. ಇವತ್ತಿಂದ ಎರಡು ವಾರ ಏನೂ ಇಲ್ಲ. ಆಮೇಲೆ ಪುಟ್ಟದೊಂದು. ಅದು ಮೂರು ದಿನ ಒಳಗೆ ನಿಂತರೆ ಉಳೀತು. ಅವಳಿಗೆ ನಾನು ಫೋನ್ ಮಾಡಲಾ?"

"ಬೇಡಿ. ನಾನೇ ಹೇಳ್ತೀನಿ."

ಮನೆಗೆ ಬಂದು ಮೊದಲು ಗಂಡನಿಗೆ ಹೇಳಿದಳು. ಅವನು ಶರ್ಟಿನ ಬಟನ್ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಅಂದ್ರೆ ಪ್ಲಗ್ ನಾನು ತೆಗೆದಿರ್ಲಿಲ್ವಾ?"

"ಇಲ್ಲ."

"ಒಂಬತ್ತು ದಿನದಿಂದ ಬಸ್ಸಲ್ಲಿ ಕೂತು ಅದನ್ನೇ ಯೋಚಿಸ್ತಿದ್ದೀನಿ. ಮರೆವು ಶುರುವಾಯ್ತು, ಇನ್ನು ಗಾಡಿ ಮುಟ್ಟಬಾರ್ದೇನೋ ಅಂತ." ಅವನು ಕುರ್ಚಿಯ ಮೇಲೆ ಕುಳಿತ. "ಹೇಳಬಾರ್ದಿತ್ತಾ ಕಣೆ ನೀನು?" ಆ ವಾರ ಅವನು ಅವಳ ಜೊತೆ ಅಗತ್ಯಕ್ಕಷ್ಟೇ ಮಾತಾಡಿದ. ಬಡಿಸಿದ್ದನ್ನು ತಿಂದ, ತಟ್ಟೆ ತಾನೇ ತೊಳೆದಿಟ್ಟ.

ಮಗಳಿಗೆ ಮಾತ್ರ ಫೋನಿನಲ್ಲಿ ಹೇಳಲಾಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ನೆಪ ಸಿಕ್ಕಿತು. ನೆಪ ಎಂದು ಅವಳಿಗೂ ಗೊತ್ತಿತ್ತು. ಮುಂದಿನ ಸೋಮವಾರ ಮಧ್ಯಾಹ್ನ ಮಗಳು ಚೀಲ ಇಳಿಸಿ, ಕೈ ತೊಳೆದು, ನೇರ ಕೋಣೆಗೆ ಹೋದಳು. ಟೈಲರಮ್ಮ ಹಿಂದೆಯೇ ಹೋಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೊದಲನೆಯ ದೊಡ್ಡ ಇಲಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ನಡುವೆ ಒಂದನ್ನೂ ಬಿಡಲಿಲ್ಲ.

ಮಗಳು ಲಾಡಿಯನ್ನು ಎತ್ತದೆ ಬಗ್ಗಿ ನೋಡುತ್ತಿದ್ದಳು. "ಅಪ್ಪನ್ನ ಬೈದೆನಲ್ಲಮ್ಮ ನಾನು."

"ಹೂಂ."

"ಹತ್ತು ದಿನ ಅಂತ ಹೇಳಿದ್ದೆ. ಹದಿನಾಲ್ಕು ದಿನ ಅಂತ ಹೇಳಿದ್ದೆ."

"ಹಸಿದಿದೆ ಅನಿಸ್ತು ಕಣಮ್ಮ. ನೋಡೋಕಾಗ್ಲಿಲ್ಲ."

ಮಗಳು ಆಗ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ, ಏನನ್ನೋ ಕೂಡಿ ಕಳೆಯುತ್ತಿದ್ದ ಹಾಗಿತ್ತು. "ಅದು ಬಾಯಿ ಬಿಟ್ಟು ಕೇಳ್ಲೇ ಇಲ್ಲ, ಅದಕ್ಕೆ ಮೂರು ಸಲ ಕೊಟ್ಟೆ. ನಾನು ಕೇಳಿದ್ದೆ ಅಮ್ಮ. ಬಾಯಿ ಬಿಟ್ಟು ಕೇಳಿದ್ದೆ."

ಮಗಳು ಪಕ್ಕಕ್ಕೆ ಸರಿದು ಅಪ್ಪನನ್ನು ಹುಡುಕಿಕೊಂಡು ಹೊರಗೆ ಹೋದಳು.

ಉಳಿದ ಒಂದು ವಾರ ಮನೆಯಲ್ಲಿ ನಾಲ್ವರೂ ಲಾಡಿಯ ಸುತ್ತಲೇ ಓಡಾಡಿಕೊಂಡಿದ್ದರು, ಯಾರೂ ಅದನ್ನು ಮುಟ್ಟಲಿಲ್ಲ. ಟೈಲರಮ್ಮ ಬೆಳಿಗ್ಗೆ ನೀರಿನ ಬಟ್ಟಲು ಬದಲಿಸಿ ಹೊರಗೆ ಬಂದುಬಿಡುವಳು. ಹಸಿದ ಜೀವವನ್ನು ನೋಡಿಯೂ ಕೈ ಕಟ್ಟಿಕೊಂಡಿರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಮಗಳ ತಟ್ಟೆಯ ಮುಂದೆ ಅಷ್ಟು ವರ್ಷ ಅದು ಇಷ್ಟು ಸುಲಭವಾಗಿ ಹೇಗೆ ಬಂದಿತ್ತು ಎಂದು ಯೋಚಿಸಿದರೆ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಡಾಕ್ಟರಮ್ಮ ಹೇಳಿದ್ದ ಸೋಮವಾರ ಮಗಳು ಪುಟ್ಟ ಮರಿ ಇಲಿಯನ್ನು ಕರಗಿಸಿ ಕೊಟ್ಟಳು. ಟೈಲರಮ್ಮ ಮಷೀನು ಬಿಟ್ಟು ಏಳಲಿಲ್ಲ. "ತಿಂತು," ಎಂದು ಅತ್ತೆ ಬಂದು ಹೇಳಿ ಹೋದಳು. ಮಂಗಳವಾರ ಏನೂ ಆಗಲಿಲ್ಲ, ಬುಧವಾರವೂ ಆಗಲಿಲ್ಲ. ಗುರುವಾರ ಸಂಜೆ ಮಗಳು ತಾನಾಗಿ ಹೊಲಿಗೆ ಕೋಣೆಗೆ ಬಂದು, ಬಟ್ಟೆಯ ರಾಶಿ ಸರಿಸಿ, ಬೆಂಚಿನ ತುದಿಯಲ್ಲಿ ಕುಳಿತಳು. ಊರಿಗೆ ಮರಳಿದ ಮೇಲೆ ಮೊದಲ ಸಲ ಅವಳ ಮುಖ ಗೆಲುವಾಗಿತ್ತು.

"ನಿಂತಿದೆ ಅಮ್ಮ. ಮೈ ಸುತ್ತಿಕೊಂಡು ಬಿಸಿ ಹಾಸಿನ ಮೇಲೆ ಮಲಗಿದೆ. ಉಳೀತು ಅಂದ್ರು ಡಾಕ್ಟರು."

"ದೇವರು ದೊಡ್ಡವನು."

"ಹೋಗ್ಲಿ ಬಿಡು. ಆಗಿದ್ದು ಆಯ್ತು."

ಅಲ್ಲಿಗೆ ಮುಗಿಸಬಹುದಿತ್ತು. ಮಗಳು ಕ್ಷಮಿಸಿ ಕುಳಿತಿದ್ದಳು, ಇನ್ನೇನು ಎದ್ದು ಹೋಗುವವಳು. ಸುಮ್ಮನಿದ್ದರೆ ಮನೆ ಮೊದಲಿನಂತಾಗುತ್ತದೆ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಮೊದಲಿನಂತೆ ಅಂದರೆ ಹೇಗೆ ಎಂಬುದೂ ಗೊತ್ತಿತ್ತು. ಅವಳು ಮಷೀನಿನಿಂದ ಕೈ ತೆಗೆದಳು.

"ನಿನ್ನ ಸ್ಕೂಲ್ ಅಂಗಿ. ಪಕ್ಕದಲ್ಲಿ ಬಿಚ್ಚಿ ಹೊಲ್ಕೋತಿದ್ದೆಯಲ್ಲ. ನಂಗೆ ಗೊತ್ತಿತ್ತು."

"ಯಾವಾಗಿಂದ?"

"ಮೊದಲ ವಾರದಿಂದ."

"ಮತ್ತೆ ಏನೂ ಅನ್ಲಿಲ್ಲ ನೀನು. ನನ್ನ ಹೊಲಿಗೆ ಹಾಗೇ ಇರ್ತಿತ್ತು."

"ಅದನ್ನ ಮುಟ್ಟಲಿಲ್ಲ. ಬೆನ್ನಲ್ಲಿ ಹಿಡಿದೆ. ನೀನು ಪಕ್ಕದಲ್ಲಿ ಬಿಟ್ಟಷ್ಟನ್ನ ನಾನು ಬೆನ್ನಲ್ಲಿ ಹಿಡೀತಿದ್ದೆ. ಪ್ರತಿ ಸಲ."

ಹೊರಗೆ ಅಜ್ಜಿ ಅಂಗಳದಲ್ಲಿ ಚಪ್ಪಲಿ ಎಳೆದುಕೊಂಡು ಓಡಾಡುವ ಸದ್ದು ಕೇಳುತ್ತಿತ್ತು. ಮಗಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಷ್ಟು ಬಿಚ್ಚಿದ್ರೂ ಸೋಮವಾರ ಮತ್ತೆ ಬಿಗಿ ಆಗಿರ್ತಿತ್ತು. ಮಧ್ಯಾಹ್ನದ ಡಬ್ಬಿ ಪಕ್ಕದವಳಿಗೆ ಕೊಡೋಕೆ ಶುರು ಮಾಡಿದೆ. ಆದ್ರೂ ಬಿಗಿ. ನೀರು ಕುಡಿದ್ರೂ ದಪ್ಪ ಆಗೋ ಮೈ ನಂದು ಅಂದ್ಕೊಂಡೆ. ಇವತ್ತಿಗೂ ಹಾಗೇ ಅಂದ್ಕೊಂಡಿದ್ದೆ." ಅವಳು ಮಾತು ನಿಲ್ಲಿಸಿ ಅಮ್ಮನ ಮುಖ ನೋಡಿದಳು. "ನಾನು ಆಗ ದಪ್ಪ ಆಗ್ತಿರ್ಲಿಲ್ವಾ ಅಮ್ಮ?"

"ಇಲ್ಲ," ಅಂದಳು ಟೈಲರಮ್ಮ. "ಆ ವರ್ಷ ನೀನು ಇಳಿದು ಹೋಗ್ತಿದ್ದೆ. ನಾನು ನೋಡ್ತಿದ್ದೆ. ನಂಗೆ ಖುಷಿಯಾಗ್ತಿತ್ತು."